ನಾಲ್ಕನೇ ಸುತ್ತಿಗೆ ಬ್ರೇಕ್ ಪೆಡಲ್ ಮೆತ್ತಗಾಗುವುದಕ್ಕೆ
ಕೊಯಮತ್ತೂರಿನ ‘ಕರಿ ಮೋಟಾರ್ ಸ್ಪೀಡ್‌ವೇ’ ರೇಸ್ ಟ್ರ್ಯಾಕಿನಲ್ಲಿ ನಾಲ್ಕನೇ ಸುತ್ತಿಗೆ ನಿಮ್ಮ ಸ್ವಿಫ್ಟಿನ ಪೆಡಲ್ ಮೆತ್ತಗಾಗಿ, ತಣಿದ ಮೇಲೆ ಸರಿಹೋಗುತ್ತದೆ ಅಂದರೆ ಬಹುತೇಕ ಬ್ರೇಕ್ ಆಯಿಲ್ ಕುದಿದು ಗುಳ್ಳೆ ಏಳುತ್ತಾ ಉಂಟು. ಅದು ತೇವ ಹೀರಿಕೊಳ್ಳುತ್ತದೆ. ಮಂಗಳೂರಿನ ಮಳೆಗಾಲ ಕಳೆದ ಗಾಡಿಯಲ್ಲಿ ಕೇಳಬೇಕೇ? ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯದೆ ತಡೆಯಬೇಕು, ತೇವ ಸೇರಿದರೆ ಆ ಮಿತಿ 155. ಪೆಡಲ್ ಗಟ್ಟಿಯಿದ್ದೂ ಗಾಡಿ ನಿಲ್ಲದಿದ್ದರೆ ಮಾತ್ರ ಬ್ರೇಕ್ ಪ್ಯಾಡಿನ ಮೇಲೆ ಸಂಶಯಪಡಿ.

ಆಯಿಲ್ ಬದಲಿಸುವ ಮೊದಲು ನಾಲ್ಕೂ ಚಕ್ರಗಳಲ್ಲಿ ಲೀಕ್ ನೋಡಿ. ಸೀಲ್ ಒಡೆಯದ ಡಾಟ್ 4 ಬಾಟಲಿಯನ್ನೇ ತನ್ನಿ, ಕಪಾಟಿನಲ್ಲಿ ಉಳಿದ ಅರ್ಧ ಬಾಟಲಿ ಖಂಡಿತ ಬೇಡ. ಒಬ್ಬರು ಪೆಡಲ್ ಒತ್ತಿ ಹಿಡಿಯಿರಿ, ಇನ್ನೊಬ್ಬರು ಚಕ್ರದ ಬಳಿ ಹಳೆ ಆಯಿಲ್ ಹೊರಬಿಡುವ ನಿಪ್ಪಲ್ ಸಡಿಲಿಸಿ. ಮತ್ತೆ ಬಿಗಿಯುವ ತನಕ ಕಾಲು ಎತ್ತಬಾರದು. ನಾನೂ ನನ್ನ ಹೆಂಡತಿಯೂ ‘ಒತ್ತು’, ‘ಬಿಡು’ ಎಂದು ಗಟ್ಟಿಯಾಗಿ ಹೇಳಿಕೊಂಡೇ ಮಾಡುವುದು. ನಿಪ್ಪಲಿಗೆ ಸಿಕ್ಕಿಸಿದ ಟ್ಯೂಬಿನಲ್ಲಿ ಚಹಾದ ಬಣ್ಣ ಹೋಗಿ ತಿಳಿ ಹಳದಿ ಬರಬೇಕು, ಗುಳ್ಳೆ ನಿಲ್ಲಬೇಕು. ಬಾನೆಟ್ ಒಳಗಿನ ಆಯಿಲ್ ಡಬ್ಬಿ ಖಾಲಿಯಾಗಲು ಬಿಡಬೇಡಿ. ಚಕ್ರಗಳ ಕ್ರಮ ಮ್ಯಾನುವಲ್ ನೋಡಿ. ಆಯಿಲ್ ಪೇಂಟಿಗೆ ತಾಗಿದರೆ ಕೂಡಲೇ ನೀರು ಹೊಯ್ಯಿರಿ.

ಟ್ರ್ಯಾಕಿನಲ್ಲಿ ಕೊನೆಯ ಸುತ್ತು ಆದಷ್ಟು ಬ್ರೇಕ್ ಮುಟ್ಟದೆ ನಿಧಾನಕ್ಕೆ ಬನ್ನಿ. ಟ್ರ್ಯಾಕಿನ ಬದಿಯಲ್ಲಿ ಗಾಡಿ ನಿಲ್ಲಿಸುವ ಪಿಟ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸಿ. ಹೊಸ ಆಯಿಲ್‌ನಲ್ಲೂ ಪೆಡಲ್ ಇಳಿದರೆ ಆ ದಿನ ಓಡಿಸಲೇಬೇಡಿ, ಪೆಡಲಿನ ಒತ್ತಡವನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರನ್ನು ಮೆಕ್ಯಾನಿಕ್‌ಗೆ ಬಿಚ್ಚಿ ತೋರಿಸಿ.