ಹರ್ನಿಯಾ ಆಪರೇಷನ್ ನಂತರವೂ ತೊಡೆಸಂದಿ ನೋವೇ? ಮೊದಲು ಮಾಲೀಸು ನಿಲ್ಲಿಸಿ

ಪ್ರಶ್ನೆ: ಮನೆ ಡೊಂಬಿವಲಿ, ಕೆಲಸ ಮಾಟುಂಗದ ಹೋಟೆಲಿನಲ್ಲಿ. ಬಲಗಡೆಯ ಹರ್ನಿಯಾಕ್ಕೆ ದುರ್ಬೀನು (ಲ್ಯಾಪರೊಸ್ಕೋಪಿ) ಆಪರೇಷನ್ ಆಗಿ ನಾಲ್ಕು ತಿಂಗಳಾಯಿತು. ಲೋಕಲ್ ಹತ್ತುವಾಗ, ಹಿಟ್ಟಿನ ಪಾತ್ರೆ ಎತ್ತಿ ತಿರುಗುವಾಗ ತೊಡೆಸಂದಿಯಲ್ಲಿ ಚುಳ್ ಅನ್ನುತ್ತದೆ. ಒಳಗೆ ಹಾಕಿದ ಮೆಶ್ (ಬಲೆ) ಸರಿದಿದೆ ಎಂದು ಒಬ್ಬರು ಎಣ್ಣೆ ಹಚ್ಚಿ ತಿಕ್ಕುತ್ತಿದ್ದಾರೆ. ಮೂರು ಸಲ ಆಯಿತು, ನೋವು ಹೆಚ್ಚಾಗಿದೆ.

ಉತ್ತರ: ನಾಲ್ಕನೇ ಸಲ ಹೋಗಬೇಡಿ. ದುರ್ಬೀನಿನಲ್ಲಿ ಹಾಕಿದ ಮೆಶ್ ಹೊಟ್ಟೆಯ ಸ್ನಾಯುಗಳ ಹಿಂದೆ ಇರುತ್ತದೆ. ಕೆಲವೇ ವಾರಗಳಲ್ಲಿ ನಮ್ಮ ಮಾಂಸವೇ ಅದರ ಕಣ್ಣುಗಳೊಳಗೆ ಬೆಳೆದು ಹಿಡಿದುಕೊಳ್ಳುತ್ತದೆ. ಹೊರಗಿನಿಂದ ತಿಕ್ಕಿ ಅದನ್ನು ಕೂರಿಸಲು ಯಾರಿಂದಲೂ ಆಗದು. ಹೀಗೆ ತಿಕ್ಕಿಸಿಕೊಂಡು ಕಪ್ಪುಗಟ್ಟಿದ ತೊಡೆ ಹೊತ್ತು ಬರುವವರನ್ನು ನೋಡಿ ನೋಡಿ ನನಗೆ ಸಿಟ್ಟೇ ಬರುತ್ತದೆ.

ಎಲ್ಲಿ ನೋವು ಅಂದಾಗ ಜನ ಕೈ ಇಡುವ ರೀತಿಯೇ ನನಗೆ ಅರ್ಧ ಉತ್ತರ. ಒಂದು ಬೆರಳಿಟ್ಟು ತೊಡೆಯ ಒಳಬದಿಯ ಮೇಲ್ತುದಿ ತೋರಿಸಿದರೆ ಸಾಮಾನ್ಯವಾಗಿ ಅಲ್ಲಿನ ಸ್ನಾಯು. ಹೆಬ್ಬೆರಳು ಹಿಂದೆ, ಉಳಿದ ಬೆರಳು ಮುಂದೆ ಮಾಡಿ ಸೊಂಟವನ್ನೇ ಹಿಡಿದು ತೋರಿಸಿದರೆ ಕೀಲಿನ ಮೇಲೆ ಅನುಮಾನ. ಉರಿ, ಜೋಮು, ಬಟ್ಟೆ ತಗುಲಿದರೂ ಕಿರಿಕಿರಿ ಇದ್ದರೆ ನರ. ಆಗ ಆಪರೇಷನ್ ಮಾಡಿದ ಸರ್ಜನ್ನರ ಬಳಿಗೇ ಹೋಗಿ. ವರ್ಷಗಟ್ಟಲೆ ಸ್ಟೀರಾಯ್ಡ್ ನುಂಗಿದವರು, ವಿಪರೀತ ಕುಡಿಯುವವರು ಕೀಲಿನ ಎಂಆರ್‌ಐ ತಡಮಾಡಬಾರದು. ರಕ್ತ ಸಾಲದೆ ತೊಡೆಮೂಳೆಯ ಗುಂಡು ಸಾಯುವಾಗಲೂ ನೋವು ಬರುವುದು ತೊಡೆಸಂದಿಯಲ್ಲೇ.

ನಿಮ್ಮದು ಸ್ನಾಯುವಿನದಿರಬಹುದು. ಅಂಗಾತ ಮಲಗಿ, ಮಂಡಿ ಮಡಚಿ, ನಡುವೆ ದಿಂಬಿಟ್ಟು ಒತ್ತಿ. ಅದೇ ಜಾಗದಲ್ಲಿ ಅದೇ ನೋವು ಬಂದರೆ ನನ್ನ ಊಹೆಗೆ ಬಲ ಬಂತು. ಆದರೂ ಹರ್ನಿಯಾ ಮರುಕಳಿಸಿಲ್ಲ ಎಂದು ಸರ್ಜನ್ನರು ನಿಮ್ಮನ್ನು ನಿಲ್ಲಿಸಿ, ಕೆಮ್ಮಿಸಿ ನೋಡಲಿ. ಆಮೇಲೆ ಆ ದಿಂಬಿನ ಪರೀಕ್ಷೆಯೇ ಮದ್ದು: 30 ಸೆಕೆಂಡು ಒತ್ತಿ ಬಿಡಿ, ಹತ್ತು ಸಲ, ವಾರಕ್ಕೆ ಮೂರು ದಿನ. ಎರಡು ವಾರ ಕಳೆದ ಮೇಲೆ ನಿಂತು ಮಾಡುವ ವ್ಯಾಯಾಮಗಳನ್ನು ಫಿಸಿಯೋ ಕಲಿಸುತ್ತಾರೆ. ಡೆನ್ಮಾರ್ಕಿನಲ್ಲಿ ಹಳೆಯ ತೊಡೆಸಂದಿ ನೋವಿದ್ದ ಆಟಗಾರರನ್ನು ಎರಡು ಗುಂಪು ಮಾಡಿ ನೋಡಿದರು. 1999ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 8ರಿಂದ 12 ವಾರ ಇಂಥ ವ್ಯಾಯಾಮ ಮಾಡಿದ ಗುಂಪಿನಲ್ಲಿ 23 ಮಂದಿ ನೋವಿಲ್ಲದೆ ಆಟಕ್ಕೆ ಮರಳಿದರು. ಮಾಲೀಸು, ಲೇಸರ್, ಕರೆಂಟು ಕೊಡಿಸಿಕೊಂಡವರಲ್ಲಿ ನಾಲ್ವರು ಮಾತ್ರ. ನನ್ನ ಕ್ಲಿನಿಕ್ಕಿನಲ್ಲೂ ಕರೆಂಟು ಕೊಡುವ ಮೆಷಿನ್ ಇದೆ, ಆದರೆ ನಿಮಗೆ ಅದನ್ನು ಹಚ್ಚುವುದಿಲ್ಲ.

ಪಾತ್ರೆ ಎತ್ತಿ ಪಾದ ನೆಲಕ್ಕೆ ಊರಿಕೊಂಡೇ ಸೊಂಟ ತಿರುಗಿಸುತ್ತೀರಲ್ಲ, ಅದನ್ನು ಬಿಡಿ. ಮೊದಲು ಪಾದ ತಿರುಗಲಿ. ಲೋಕಲ್ಲಿಗೆ ಎಡಗಾಲು ಮೊದಲಿಡಿ, ಓಡುವ ಗಾಡಿ ಹತ್ತಲೇಬೇಡಿ.

ಪ್ರಶ್ನೆ: ಬದನೆಕಾಯಿ ನಂಜು, ಹೊಲಿಗೆಗೆ ಆಗದು ಅನ್ನುತ್ತಾರೆ. (ವಸಯಿ)

ಉತ್ತರ: ತಿನ್ನಿ. ಮಲಬದ್ಧತೆ ಆಗದಂತೆ ನೋಡಿಕೊಳ್ಳಿ, ತಿಣುಕುವುದು ಒಳ್ಳೆಯದಲ್ಲ.

ಪ್ರಶ್ನೆ: ಆಪರೇಷನ್ ಆದ ಮೇಲೆ ಬೆಲ್ಟ್ ಜೀವನಪೂರ್ತಿ ಬೇಕೆ? (ಪುಣೆ)

ಉತ್ತರ: ಬೇಡ.

ಪ್ರಶ್ನೆ: ನಮ್ಮವರ ಎಡಗಡೆಯ ಹರ್ನಿಯಾ ಗಡ್ಡೆ ನಿನ್ನೆಯಿಂದ ಗಟ್ಟಿಯಾಗಿದೆ, ಒಳಗೆ ಹೋಗುತ್ತಿಲ್ಲ. ಎರಡು ಸಲ ವಾಂತಿ ಆಯಿತು. (ದಹಿಸರ್)

ಉತ್ತರ: ಇದನ್ನು ಓದಿದ ಕೂಡಲೇ ನಾನು ಫೋನ್ ಮಾಡಿದೆ. ಇಂಥದ್ದಕ್ಕೆ ಪತ್ರ ಬರೆದು ಕಾಯಬೇಡಿ ತಾಯಿ. ಕರುಳು ಸಿಕ್ಕಿಕೊಂಡಿರಬಹುದು. ಒತ್ತಿ ಒಳಗೆ ತಳ್ಳಬೇಡಿ, ಊಟ ಕೊಡಬೇಡಿ, ಹೊತ್ತು ನೋಡದೆ ದೊಡ್ಡಾಸ್ಪತ್ರೆಯ ಕ್ಯಾಶುವಲ್ಟಿಗೆ ಕರೆದೊಯ್ಯಿರಿ.