ಎಟೆಲ್‌ಬ್ರುಕ್‌ನಲ್ಲಿ ಮನೆ ಹಿಡಿಯಬಹುದಾ?

ಆಫೀಸು ಲಕ್ಸೆಂಬರ್ಗ್ ರಾಜಧಾನಿಯ ಕಿರ್ಶ್‌ಬೆರ್ಗ್ ಬಡಾವಣೆಯಲ್ಲಿ, ಬಾಡಿಗೆ ಕೈಗೆಟುಕೋ ಮನೆ ಸಿಕ್ಕಿರೋದು ಉತ್ತರದ ಎಟೆಲ್‌ಬ್ರುಕ್ ಊರಿನಲ್ಲಿ, ದಿನಾ ಎ7 ಹೆದ್ದಾರಿ ಹಿಡಿದು ಓಡಾಡೋಕೆ ಆಗುತ್ತಾ ಅಂತ ಕೇಳಿದ್ದೀರಿ. ಮನೆ ಧಾರಾಳವಾಗಿ ಹಿಡೀರಿ. ಕಾರು ಮಾತ್ರ ಈಗಲೇ ಬೇಡ.

ಲಕ್ಸೆಂಬರ್ಗ್ ಇಡೀ ದೇಶ ಸೇರಿದರೂ 2,586 ಚದರ ಕಿ.ಮೀ., ನಮ್ಮ ಕೊಡಗಿಗಿಂತ ಚಿಕ್ಕದು. ಹಾಗಾಗಿ ಮ್ಯಾಪಿನಲ್ಲಿ ಎಲ್ಲವೂ ಪಕ್ಕದಲ್ಲೇ ಇದ್ದ ಹಾಗೆ ಕಾಣುತ್ತೆ. ಅದನ್ನ ನಂಬಬೇಡಿ. ರಾಜಧಾನಿಯಿಂದ ಎ1 ಜರ್ಮನಿ ಕಡೆಗೆ, ಎ3 ಫ್ರಾನ್ಸ್ ಕಡೆಗೆ, ಎ6 ಬೆಲ್ಜಿಯಂ ಕಡೆಗೆ ಹೋಗುತ್ತೆ. ದಿನಾ ಎರಡು ಲಕ್ಷಕ್ಕೂ ಮೀರಿದ ಜನ ಗಡಿಯಾಚೆಯಿಂದ ಇಲ್ಲಿಗೆ ಕೆಲಸಕ್ಕೆ ಬರ್ತಾರೆ. ಬೆಳಗಿನ ಎ3 ನೋಡಿದರೆ ಸಿಲ್ಕ್ ಬೋರ್ಡ್ ನೆನಪಾಗುತ್ತೆ, ಹಾರ್ನ್ ಒಂದು ಇಲ್ಲ ಅಷ್ಟೆ.

ಎ7 ಗಡಿ ಮುಟ್ಟೋದಿಲ್ಲ. ಉತ್ತರದ ಊರುಗಳನ್ನ ರಾಜಧಾನಿಗೆ ಸೇರಿಸೋ ರಸ್ತೆ ಅದು. ಗ್ರ್ಯೂನೆವಾಲ್ಡ್ ಕಾಡನ್ನ ಉಳಿಸಬೇಕು ಅಂತ ವರ್ಷಗಟ್ಟಲೆ ಜಗ್ಗಾಟ ನಡೆದು, ಕೊನೆಗೆ ಸುರಂಗ ಕೊರೆದು ಪೂರ್ತಿ ಮಾಡಿದ್ದು 2015ರಲ್ಲಿ. ಗ್ರೌಫ್ಟ್ ಸುರಂಗ ಒಂದೇ ಹತ್ತಿರ ಹತ್ತಿರ 3 ಕಿ.ಮೀ. ಇದೆ. ನಾನು ಬಂದ ಹೊಸದರಲ್ಲಿ ಇದಿರಲಿಲ್ಲ. ಲಿಂಟ್‌ಗೆನ್, ಲೊರೆಂಟ್ಸ್‌ವೈಲರ್, ವಾಲ್ಫರ್‌ಡಾಂಜ್ ಅಂತ ಒಂದೊಂದೇ ಊರೊಳಗೆ ತೆವಳಿಕೊಂಡು ಹೋಗಬೇಕಿತ್ತು. ಈಗ ಮೆರ್ಷ್‌ವರೆಗೂ ಸಲೀಸು, ಕೊಲ್ಮಾರ್-ಬೆರ್ಗ್ ಆದಮೇಲೆ ಬಿ7 ಹಿಡಿದರೆ ಎಟೆಲ್‌ಬ್ರುಕ್. ತೊಂದರೆ ಇರೋದು ಇನ್ನೊಂದು ತುದಿಯಲ್ಲಿ. ಸುರಂಗಗಳಲ್ಲಿ ಉಳಿಸಿದ ಸಮಯವನ್ನೆಲ್ಲ ಎ1 ಸೇರೋ ಗ್ರ್ಯೂನೆವಾಲ್ಡ್ ಜಂಕ್ಷನ್ನಿನಲ್ಲಿ ನಿಂತು ಕಳ್ಕೊಂಡವನು ನಾನು.

ರೈಲು ಹಿಡೀರಿ. ಪ್ಫಾಫೆಂಟಾಲ್-ಕಿರ್ಶ್‌ಬೆರ್ಗ್ ಸ್ಟೇಷನ್ನಿಗೆ ಸುಮಾರು ಅರ್ಧ ಗಂಟೆ. ಅಲ್ಲಿಂದ ಗುಡ್ಡಕ್ಕೆ ಹಗ್ಗದಲ್ಲಿ ಎಳೆಯೋ ಗಾಡಿ ಇದೆ, ಹತ್ತಿದರೆ ಮೇಲೆ ಟ್ರಾಮ್. 2020ರಿಂದ ಎಲ್ಲ ಪುಕ್ಕಟೆ, ರೈಲಿನ ಫಸ್ಟ್ ಕ್ಲಾಸಿಗೆ ಮಾತ್ರ ದುಡ್ಡು.

ಎಟೆಲ್‌ಬ್ರುಕ್ ಸೇರಿದ್ದ ಡೀಕಿರ್ಶ್ ಜಿಲ್ಲೆಯ ಕಚೇರಿ ಎಲ್ಲಿ ಅಂತಲೂ ಕೇಳಿದ್ದೀರಿ. ಇಲ್ಲಿದ್ದ ಮೂರು ಜಿಲ್ಲೆಗಳನ್ನೂ 2015ರಲ್ಲೇ ರದ್ದು ಮಾಡಿದರು. ಈಗ ಕ್ಯಾಂಟನ್ ಅನ್ನೋ 12 ವಿಭಾಗಗಳಿವೆ, ಅವಕ್ಕೂ ನಿಮಗೂ ಏನೂ ಕೆಲಸ ಬೀಳೋದಿಲ್ಲ. ನಿಮ್ಮ ವ್ಯವಹಾರ ಏನಿದ್ದರೂ ಕಮ್ಯೂನ್ ಜೊತೆ. ನಮ್ಮ ಕಡೆ ಪುರಸಭೆ ಇದ್ದ ಹಾಗೆ ಅಂದ್ಕೊಳ್ಳಿ. ಬಂದ ಮೂರು ದಿನದೊಳಗೆ ಅಲ್ಲಿ ಹೋಗಿ ಹೆಸರು ಬರೆಸಿ, ಜೆಟ್‌ಲ್ಯಾಗ್ ನೆಪ ಹೇಳ್ಕೊಂಡು ಕೂರಬೇಡಿ.

ಟ್ರಿಯರ್‌ನಲ್ಲಿ ಬಾಡಿಗೆ ಇನ್ನೂ ಅಗ್ಗ ಅಂತ ಯಾರಾದರೂ ಹೇಳ್ತಾರೆ. ನಿಜವೇ. ಆದರೆ ಅದು ಜರ್ಮನಿ. ಲಕ್ಸೆಂಬರ್ಗಿನ ವಾಸದ ಪರವಾನಗಿ ಇಟ್ಕೊಂಡು ಅಲ್ಲಿ ಸಂಸಾರ ಹೂಡೋಕೆ ಆಗಲ್ಲ.

ಮನೆ ನೋಡೋಕೆ ಹೋದ ದಿನ ಮನೆಬಾಗಿಲಿಂದ ಸ್ಟೇಷನ್ನಿಗೆ ಒಂದ್ಸಲ ನಡೆದು ನೋಡಿ. ಮಾಲೀಕರು ಹೇಳೋ ಐದು ನಿಮಿಷ ಯಾರ ಕಾಲಿನ ಲೆಕ್ಕವೋ ಗೊತ್ತಿಲ್ಲ, ನನಗಂತೂ ಹದಿನೈದಾಗಿತ್ತು.