ಎಸ್ಟೋನಿಯಾದ ಸಂಗೀತ ಸಂಯೋಜಕ ಆರ್ವೋ ಪರ್ಟ್ ದೇಶ ಬಿಟ್ಟ ಮೇಲೆ ಅವರ ಸಂಗೀತ ಬದಲಾಯಿತೇ? ಅವರ ಪದ್ಧತಿಯನ್ನು ಕೀಬೋರ್ಡಿನಲ್ಲಿ ನುಡಿಸಿ ನೋಡುವುದು ಹೇಗೆ?

ಪದ್ಧತಿ ಬದಲಾಗಲಿಲ್ಲ, ಅದಕ್ಕೆ ಸಾಹಿತ್ಯ ಸಿಕ್ಕಿತು ಎಂಬುದು ನನ್ನ ಉತ್ತರ. ಪರ್ಟ್ ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಎಸ್ಟೋನಿಯಾ ಬಿಟ್ಟು ವಿಯೆನ್ನಾಕ್ಕೆ ಹೋದದ್ದು 1980ರಲ್ಲಿ, ಮರುವರ್ಷ ಬರ್ಲಿನ್‌ಗೆ. ಆದರೆ ಅವರಿಗೆ ಹೆಸರು ತಂದ ಪಿಯಾನೋ ಕೃತಿ ‘ಫ್ಯೂರ್ ಅಲೀನಾ’ 1976ರದ್ದು. ‘ಫ್ರಾತ್ರೆಸ್’, ‘ಕಾಂಟುಸ್’, ‘ತಾಬುಲಾ ರಾಸಾ’ ಮೂರೂ 1977ರವು. ವಲಸೆಯ ನೋವಿನಿಂದಲೇ ಈ ಸಂಗೀತ ಹುಟ್ಟಿತು ಎನ್ನುವವರು ಈ ಇಸವಿಗಳನ್ನು ನೋಡಬೇಕು.

ಪದ್ಧತಿಯ ಹೆಸರು ಟಿಂಟಿನಾಬುಲಿ, ಲ್ಯಾಟಿನ್‌ನಲ್ಲಿ ಪುಟ್ಟ ಗಂಟೆಗಳು ಎಂದರ್ಥ. ಎ ಮೈನರ್ ಸ್ವರಶ್ರೇಣಿ ಹಿಡಿಯಿರಿ, ಕಪ್ಪು ಕೀ ಬೇಡ; ಎ ಷಡ್ಜವಾದರೆ ನಮ್ಮ ನಟಭೈರವಿಯ ಸ್ವರಗಳೇ. ಬಲಗೈಯಲ್ಲಿ ಎ, ಬಿ, ಸಿ, ಡಿ, ಇ ಎಂದು ಮೆಟ್ಟಿಲು ಹತ್ತಿದಂತೆ ಒಂದೊಂದೇ ಸ್ವರ ನುಡಿಸಿ. ಎಡಗೈಗೆ ಎ, ಸಿ, ಇ ಮೂರೇ ಸ್ವರ. ಬಲಗೈ ಸ್ವರಕ್ಕಿಂತ ಕೆಳಗೆ, ಅದಕ್ಕೆ ತೀರ ಹತ್ತಿರ ಈ ಮೂರರಲ್ಲಿ ಯಾವುದಿದೆಯೋ ಅದನ್ನು ಜೊತೆಗೇ ಒತ್ತಿ. ಆಗ ಎಡಗೈಗೆ ಬರುವುದು ಇ, ಎ, ಎ, ಸಿ, ಸಿ. ಎಡಗೈಯನ್ನು ತಂಬೂರಿ ಎಂದುಕೊಳ್ಳಬೇಡಿ. ಅದು ಒಂದೆಡೆ ನಿಲ್ಲದೆ ಬಲಗೈಯನ್ನು ಹಿಂಬಾಲಿಸುತ್ತದೆ.

ಕೆಡುವುದು ಎರಡನೇ ಸ್ವರದಲ್ಲೇ. ಬಿ ಜೊತೆ ಎ ಸೇರಿದಾಗ ಕಿವಿಗೆ ಚುಚ್ಚುತ್ತದೆ, ಡಿ ಜೊತೆ ಸಿ ಬಂದಾಗಲೂ ಹಾಗೇ. ಇಂಪಿಗಾಗಿ ಅಲ್ಲಿ ಬೇರೆ ಸ್ವರ ಹಾಕಿದಿರೋ, ಉಳಿಯುವುದು ಮಾಮೂಲಿ ಹಾರ್ಮನಿ. ನಿಯಮ ಸಡಿಲಿಸದೆ ಆ ಘರ್ಷಣೆಯನ್ನು ಹಾಗೇ ಬಿಟ್ಟಾಗಲೇ ಗಂಟೆಯ ಗುಣ ಬರುತ್ತದೆ. ‘ಫ್ಯೂರ್ ಅಲೀನಾ’ ಬಿ ಮೈನರ್‌ನಲ್ಲಿ ಇದನ್ನೇ ಮಾಡುತ್ತದೆ. ನಾದವನ್ನು ಹಿಡಿದಿಡುವ ಪೆಡಲ್ ಒತ್ತಿ ಮಂದ್ರದ ಬಿ ಮೊಳಗುತ್ತಿರಬೇಕು. ನಾದ ಬೇಗ ಸಾಯುವ ಅಗ್ಗದ ಕೀಬೋರ್ಡಿನಲ್ಲಿ ಈ ಕೃತಿ ಬಡವಾಗಿ ಕೇಳುವುದು ಇದಕ್ಕೇ.

‘ಕಾಂಟುಸ್’ನಲ್ಲಿ ತಂತಿವಾದ್ಯಗಳು ಅವರೋಹಣವೊಂದನ್ನೇ ಐದು ವೇಗಗಳಲ್ಲಿ ಇಳಿಯುತ್ತವೆ. ಪ್ರತಿ ಕೆಳಗಿನ ಗುಂಪು ಮೇಲಿನದರ ಅರ್ಧ ವೇಗದ್ದು, ಹಾಗಾಗಿ ಡಬಲ್ ಬಾಸ್ ಮೊದಲ ವಯಲಿನ್‌ಗಿಂತ 16 ಪಟ್ಟು ನಿಧಾನ. ಕೊನೆಯ ಗಂಟೆಯನ್ನು ತಂತಿಗಳ ಅಬ್ಬರದೊಳಗೆ ಮೆಲ್ಲಗೆ ಹೊಡೆಯುತ್ತಾರೆ; ತಂತಿಗಳು ಥಟ್ಟನೆ ನಿಂತ ಮೇಲಷ್ಟೇ ಅದರ ಅನುರಣನ ಕೇಳುತ್ತದೆ. ಫೋನಿನ ಸ್ಪೀಕರಿನಲ್ಲಿ ಇದು ಸಿಗುವುದಿಲ್ಲ, ಹೆಡ್‌ಫೋನ್ ಬೇಕು.

ಇನ್ನು ವಲಸೆಯ ವಿಚಾರ. ಸೋವಿಯತ್ ಆಡಳಿತಕ್ಕೆ ಧಾರ್ಮಿಕ ಪಠ್ಯ ಆಗುತ್ತಿರಲಿಲ್ಲ. ಕ್ರಿಸ್ತನಲ್ಲಿ ನಂಬಿಕೆ ಸಾರುವ 1968ರ ‘ಕ್ರೇದೋ’ ದೊಡ್ಡ ಗದ್ದಲವನ್ನೇ ಎಬ್ಬಿಸಿತ್ತು. ಬೈಬಲ್ಲಿನ ಸಾರಾಳ ಹೆಸರಿನ ಕೃತಿಯೊಂದು ಅಲ್ಲಿ ‘ಮೋದುಸ್’ ಎಂಬ ನಿರಪಾಯ ಹೆಸರಿನಲ್ಲಿ ಓಡಾಡಿತು. ಹೊರಗೆ ಬಂದ ಮೇಲೆ ಆ ಮುಚ್ಚುಮರೆ ಬೇಕಾಗಲಿಲ್ಲ. ಯೇಸುವಿನ ಯಾತನೆಯ ಕಥೆ ಹೇಳುವ 1982ರ ‘ಪಾಸ್ಸಿಯೋ’ದಲ್ಲಿ ಯೋಹಾನನ ಸುವಾರ್ತೆಯ ಲ್ಯಾಟಿನ್ ಪಠ್ಯವೇ ಸಂಗೀತವನ್ನು ನಡೆಸುತ್ತದೆ. ಪದದಲ್ಲಿ ಎಷ್ಟು ಉಚ್ಚಾರಾಂಶಗಳಿವೆಯೋ ಅಷ್ಟು ಸ್ವರ. ವಿರಾಮಚಿಹ್ನೆ ನೋಡಿ ಮೌನದ ಅಳತೆ. ಇದೇ ಕ್ರಮ ಚರ್ಚಿನ ಪೂಜಾಪಠ್ಯಕ್ಕೆ ಬರೆದ 1977ರ ‘ಮಿಸ್ಸಾ ಸಿಲಾಬಿಕಾ’ದಲ್ಲಾಗಲೇ ಇತ್ತು. ಬರ್ಲಿನ್ ಕೊಟ್ಟದ್ದು ಅದನ್ನು ಸುಮಾರು 70 ನಿಮಿಷ ಬಹಿರಂಗವಾಗಿ ಹಾಡಿಸುವ ಅವಕಾಶ. 1984ರಲ್ಲಿ ಇಸಿಎಂ ಕಂಪನಿ ‘ತಾಬುಲಾ ರಾಸಾ’ ಧ್ವನಿಮುದ್ರಿಕೆ ತಂದಾಗ ಪಶ್ಚಿಮದ ಕೇಳುಗರು ಮುಗಿಬಿದ್ದದ್ದು ಎಸ್ಟೋನಿಯಾದ ರಾಜಧಾನಿ ತಾಲಿನ್‌ನಲ್ಲಿ ಬರೆದಿದ್ದ ಕೃತಿಗಳಿಗೇ.